ಕೌಂಟರಿನ ಮೇಲಿನ ಅರಿಶಿನದ ಬಟ್ಟಲು

ಜುಲೈ 3, 1984, ಮಂಗಳವಾರ

ಈ ಡೈರಿ ನಮ್ಮ ಪ್ರೆಸ್ಸಿನದೇ. ಜುಲೈ ಹಾಳೆಗಳು ಎರಡು ಸಲ ಸೇರಿಕೊಂಡು ಆಗಸ್ಟ್ ಬಿಟ್ಟೇ ಹೋಗಿದೆ ಎಂದು ಮೂಲೆಗೆ ಎಸೆದಿದ್ದರು. ಅದು ಬೈಂಡಿಂಗಿನವರ ತಪ್ಪು, ಹಾಳೆ ಮಡಿಸುವ ನನ್ನ ಮಡಿಕೆ ವಿಭಾಗದ್ದಲ್ಲ. ಕಾಗದ ಒಳ್ಳೆಯದಿತ್ತು ಎಂದು ಎತ್ತಿಟ್ಟುಕೊಂಡಿದ್ದೆ. ಇವತ್ತು ತೆಗೆದಿದ್ದೇನೆ, ಏಕೆಂದರೆ ಇವತ್ತಿನ ವಿಷಯ ಯಾರ ಮುಂದೆಯೂ ಆಡುವಂಥದ್ದಲ್ಲ.

ಬೆಳಿಗ್ಗೆ ಯಜಮಾನರು ನಾರಾಯಣಪ್ಪನವರು ನಮ್ಮ ಹನ್ನೊಂದು ಜನರನ್ನೂ ನಿಲ್ಲಿಸಿಕೊಂಡರು. ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಆಗಲೇ ನನಗೆ ಗೊತ್ತಾಯಿತು.

"ಶಿವಕಾಶಿಯಿಂದ ಮದುವೆ ಕಾರ್ಡು ರೆಡಿಮೇಡ್ ಬರ್ತಿದೆ ಕಣ್ರಮ್ಮ. ಗಣಪತಿ ಚಿತ್ರ, ಚಿನ್ನದ ಬಣ್ಣ, ಮಡಿಕೆ, ಎಲ್ಲಾ ಅವರೇ ಮುಗಿಸಿ ಕಳಿಸ್ತಾರೆ. ನಾವು ಹೆಸರು ಅಚ್ಚು ಹಾಕಿದ್ರೆ ಆಯ್ತು. ಗೌರಿ ಹಬ್ಬದ ಹೊತ್ತಿಗೆ ಮಡಿಕೆ ವಿಭಾಗ ಮುಚ್ಚಬೇಕಾಗುತ್ತೆ."

ಕವರ್ ಅಂಟಿಸುವ ಕಡೆ ಆರು ಜನಕ್ಕೆ ಜಾಗವಿದೆಯಂತೆ. ಹಳಬರಿಗೆ ಮೊದಲು. ಉಳಿದವರ ವಿಷಯ "ನೋಡೋಣ" ಅಂದರು. ಯಜಮಾನರ ನೋಡೋಣ ಎಂಥದ್ದು ಎಂದು ಇಲ್ಲಿ ಎಲ್ಲರಿಗೂ ಗೊತ್ತು.

ಆಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿದರು. ಸುಲ್ತಾನ್‌ಪೇಟೆಯ ನಮ್ಮ ಪ್ರೆಸ್ಸಿನ ಅಂಗಡಿಯಲ್ಲಿ ಆರ್ಡರ್ ತೆಗೆದುಕೊಳ್ಳುವ ಕಾಳಪ್ಪನಿಗೆ ಕಣ್ಣು ಮಂಜಾಗಿದೆ. ಅವನು ಬರೆದುಕೊಂಡ ಆರ್ಡರ್ ಕಂಪೋಸಿಂಗಿನವರಿಗೆ ಓದಲಾಗುತ್ತಿಲ್ಲ. "ನಿಮ್ಮ ಅಕ್ಷರ ಚೆನ್ನಾಗಿದೆ ಸಿದ್ದಮ್ಮನೋರೆ. ಕೌಂಟರಿಗೆ ಬನ್ನಿ. ಗೌರಿ ಹಬ್ಬದೊಳಗೆ ಯೋಚನೆ ಮಾಡಿ ಹೇಳಿ."

ಅಕ್ಷರ ಚೆನ್ನಾಗಿರಲೇಬೇಕು. 1949ರಲ್ಲಿ ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದ ಹೆಣ್ಣು ನಾನೊಬ್ಬಳೇ. ಆದರೆ ಹದಿನೈದು ವರ್ಷ ಒಂದು ವಿಭಾಗ ಆಳಿದವಳು ಅಂಗಡಿಯಲ್ಲಿ ನಿಂತು ಬಂದವರಿಗೆಲ್ಲ ಹಲ್ಲು ಕಿರಿಯಬೇಕೆ? ಆಗದು. ಕವರ್ ಅಂಟಿಸಿಕೊಂಡಿರುತ್ತೇನೆ.

ಜುಲೈ 5, ಗುರುವಾರ

ಆಷಾಢ. ಮದುವೆಯಿಲ್ಲ, ಕೆಲಸವಿಲ್ಲ. ಹುಡುಗಿಯರು ಗುಸುಗುಸು ಮಾತಾಡುತ್ತ ಕೂತಿದ್ದರು. ಹಳೆಯ ಕಾರ್ಡುಗಳನ್ನು ಕೊಟ್ಟು ಮಡಿಕೆ ಅಭ್ಯಾಸ ಮಾಡಿ ಅಂದೆ. ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರುವುದಿಲ್ಲ.

ಬೈರಮ್ಮ ಮಾತ್ರ ಕೈಯೂ ಬಾಯಿಯೂ ಒಟ್ಟಿಗೆ ಆಡಿಸುವವಳು. ನನ್ನ ಪಕ್ಕದಲ್ಲಿ ಹನ್ನೆರಡು ವರ್ಷದಿಂದ ಕೂತಿದ್ದಾಳೆ.

"ಅಕ್ಕ, ನೀನು ಕೌಂಟರಲ್ಲಿ ನಿಂತ್ರೆ ಮದುವೆ ಗಂಡುಗಳೆಲ್ಲ ಹೆದರ್ಕೊಂಡು ಸನ್ಯಾಸಿ ಆಗ್ಬಿಡ್ತಾರೆ."

"ಕೆಲಸ ನೋಡು."

"ಅಲ್ಲಿ ನಗ್ಬೇಕು ಕಣಕ್ಕ. ಎಲ್ಲಿ, ಒಂದ್ಸಲ ನಗು, ನೋಡೋಣ."

ನಾನು ಅವಳ ಮಡಿಕೆ ತೋರಿಸಿದೆ. ಅಂಚು ಒಂದು ನೂಲಿನಷ್ಟು ಸರಿದಿತ್ತು. ಬಿಚ್ಚಿ ಮತ್ತೆ ಮಡಿಸು ಅಂದೆ. ಮಡಿಸಿದಳು, ಆದರೂ ನಗುತ್ತಿದ್ದಳು. ಕೆಲಸ ಹೋಗುವ ಕಾಲದಲ್ಲಿ ಅಷ್ಟು ನಗುವುದು ಒಳ್ಳೆಯದಲ್ಲ.

ಜುಲೈ 8, ಭಾನುವಾರ

ಮಗಳು ಸುಂದರಿ ಬಂದಿದ್ದಳು. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಸಿಗದೆ ಬದನೆಕಾಯಿ ತಂದಿದ್ದಳು. ಜುಲೈನಲ್ಲಿ ಅವರೆಕಾಯಿ ಹುಡುಕುವ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ. ತ್ರಿಪುರಸುಂದರಿ ಎಂದು ದೊಡ್ಡ ಹೆಸರಿಟ್ಟದ್ದು ಅವಳಪ್ಪ. ಅವರು ಇದ್ದಿದ್ದರೆ ಅವಳ ಪರವಾಗಿಯೇ ಮಾತಾಡುತ್ತಿದ್ದರು.

ಕೌಂಟರಿನ ವಿಷಯ ಅವಳ ಕಿವಿಗೂ ಬಿದ್ದಿದೆ. ಬೈರಮ್ಮನ ಕೆಲಸ.

"ಹೋಗಮ್ಮ, ಯಾಕಾಗ್ಬಾರ್ದು? ಕೂತು ಬರೆಯೋ ಕೆಲಸ. ನಿನ್ನ ಬೆನ್ನಿಗೂ ಒಳ್ಳೇದು."

"ನನ್ನ ಬೆನ್ನಿಗೆ ಏನೂ ಆಗಿಲ್ಲ."

"ಮತ್ತೆ ಏನಮ್ಮ ಕಷ್ಟ?"

ಒಂದೇ ಸಮನೆ ಕೇಳಿದಳು. ಕೊನೆಗೆ ಹೇಳಿಬಿಟ್ಟೆ. "ಅದು ಮದುವೆ ಕಾರ್ಡಿನ ಅಂಗಡಿ ಕಣೇ. ನನ್ನ ಹಣೆ ನೋಡು."

ಅವಳು ಬದನೆಕಾಯಿ ಹೆಚ್ಚುವುದು ನಿಲ್ಲಿಸಿದಳು.

ಇದರಲ್ಲಿ ದುಃಖಪಡುವಂಥದ್ದು ಏನಿದೆ? ಆ ಅಂಗಡಿಯ ಕೌಂಟರಿನ ಮೇಲೆ ಹಿತ್ತಾಳೆಯ ಬಟ್ಟಲಿದೆ, ಅದರಲ್ಲಿ ಕಲಸಿದ ಅರಿಶಿನ. ಕಾರ್ಡಿನ ಕಟ್ಟು ಕೊಡುವಾಗ ಮೇಲಿನ ಕಾರ್ಡಿನ ನಾಲ್ಕು ಮೂಲೆಗೂ ಕಾಳಪ್ಪ ಬೆರಳಿನಿಂದ ಹಚ್ಚಿ, ನಡುವೆ ಕುಂಕುಮ ಇಟ್ಟು ಕೊಡುತ್ತಾನೆ. ಜನ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಆ ಬಟ್ಟಲನ್ನು ಮುಟ್ಟುವವಳು ನಾನಲ್ಲ, ಅಷ್ಟೇ. ಹಿಂದೆ ಕೂತು ಮಡಿಸಿದರೆ ಯಾರಿಗೂ ಕಾಣುವುದಿಲ್ಲ. ಬೆಂಗಳೂರಿನ ಅರ್ಧ ಮದುವೆಗಳ ಕಾರ್ಡುಗಳು ನನ್ನ ಕೈಯಲ್ಲಿ ಮಡಿಕೆಯಾಗಿವೆ, ಯಾರಿಗೂ ಕೆಟ್ಟದಾಗಿಲ್ಲ.

ಸುಂದರಿಯ ಮದುವೆಗೂ ಹಾಗೆಯೇ. ನನ್ನ ಮೈದುನ ಅಪ್ಪಯ್ಯನ ಹೆಸರಿನಲ್ಲಿ ಕಾರ್ಡು ಅಚ್ಚಾಯಿತು. ಒಕ್ಕಣೆ ಬರೆದವಳು ನಾನು, ಮುನ್ನೂರನ್ನೂ ಮಡಿಸಿದವಳು ನಾನು. ನನ್ನ ಹೆಸರು ಎಲ್ಲೂ ಇರಲಿಲ್ಲ. ಪದ್ಧತಿ.

ಜುಲೈ 16, ಸೋಮವಾರ

ಯಜಮಾನರು ಹೇಳಿದರು: "ಆಷಾಢದಲ್ಲಿ ಹೇಗೂ ಜನ ಬರಲ್ಲ. ಎರಡು ವಾರ ಅಂಗಡೀಲಿ ಕೂತು ನೋಡಿ. ಬೇಡ ಅನ್ನಿಸಿದ್ರೆ ಬಿಡಿ."

ಒಪ್ಪಿದೆ. ಅಂಗಡಿಯ ಆಸೆಯಿಂದಲ್ಲ. ಕೆಲಸವಿಲ್ಲದೆ ಹುಡುಗಿಯರ ಮುಂದೆ ಸುಮ್ಮನೆ ಕೂರುವುದು ನನಗೆ ಆಗದು.

ಜುಲೈ 18, ಬುಧವಾರ

ಕಾಳಪ್ಪ ಎಂಥ ಕೊಳಕ! ಸ್ಯಾಂಪಲ್ ಆಲ್ಬಂಗಳ ಮೇಲೆ ಒಂದು ಬೆರಳು ಧೂಳು. ಮುಸ್ಲಿಂ ಮದುವೆಯ ಕಾರ್ಡು, ಕ್ರಿಶ್ಚಿಯನ್ ಮದುವೆಯದು, ಗೃಹಪ್ರವೇಶ, ನಾಮಕರಣ, ಎಲ್ಲ ಒಂದರೊಳಗೊಂದು. ತಿಥಿಯ ಕಾರ್ಡೊಂದು ಮದುವೆಯ ಆಲ್ಬಮ್ಮಿನಲ್ಲೇ ಸೇರಿಕೊಂಡಿತ್ತು.

"ಇದನ್ನ ಗಿರಾಕಿ ನೋಡಿದ್ರೆ ಏನು ಗತಿ?" ಅಂದೆ.

"ಯಾರೂ ಅಷ್ಟು ಹಿಂದಿನ ಪುಟದವರೆಗೂ ಹೋಗಲ್ಲ ಬಿಡಿ ಸಿದ್ದಮ್ಮನೋರೆ. ಮೊದಲ ನಾಲ್ಕರಲ್ಲೇ ಒಂದು ತಗೋತಾರೆ."

ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿ ಬೇರೆ ಬೇರೆ ಅಂಟಿಸಿದೆ. ಬೆಲೆಯ ಚೀಟಿ ಹೊಸದಾಗಿ ಬರೆದೆ. ಸಾಯಂಕಾಲ ಒಬ್ಬ ಗಿರಾಕಿ ಬಂದು ಹಿಂದಿನ ಪುಟದ ಕಾರ್ಡನ್ನೇ ಆರಿಸಿಕೊಂಡ. ಕಾಳಪ್ಪನ ಮುಖ ನೋಡಿದೆ. ಅವನು ರಸ್ತೆ ನೋಡಿದ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಆದರೂ ಕವರ್ ವಿಭಾಗವೇ ಸರಿ.

ಜುಲೈ 24, ಮಂಗಳವಾರ

ತುಮಕೂರು ರಸ್ತೆಯ ಕಡೆಯವರು, ಶ್ರಾವಣದ ಮದುವೆ. ಕಾಳಪ್ಪ ಕಾಫಿಗೆ ಹೋಗಿದ್ದ. ಆಲ್ಬಂ ತೆರೆದು ಮುಂದೆ ಹಿಡಿದೆ. ಗಂಡಿನ ತಾಯಿ ನನ್ನ ಹಣೆ ನೋಡಿದಳು, ಬಳೆಯಿಲ್ಲದ ಕೈ ನೋಡಿದಳು. ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬೇರೆ ಯಾರೂ ಇಲ್ವಾ ಅಂಗಡೀಲಿ?"

ಇದ್ದಾರೆ, ಬರ್ತಾರೆ ಅಂದೆ.

ತಲೆನೋವು. ಬಿಸಿಲು ಜಾಸ್ತಿ ಇತ್ತು.

ಜುಲೈ 25, ಬುಧವಾರ

ಪ್ರೆಸ್ಸಿಗೇ ಹೋದೆ. ಯಾಕೆ ಬಂದೆ ಎಂದು ಬೈರಮ್ಮ ಕೇಳಲಿಲ್ಲ. ಬುತ್ತಿಯಿಂದ ಉಪ್ಪಿಟ್ಟು ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ತಳ್ಳಿದಳು.

ಗೋಡೆಗೆ ಹಿರಿತನದ ಪಟ್ಟಿ ಅಂಟಿಸಿದ್ದಾರೆ. ಮೊದಲ ಹೆಸರು ನನ್ನದು. ಆರನೆಯ ಹೆಸರಿನ ಕೆಳಗೆ ಕೆಂಪು ಗೆರೆ. ಗೆರೆಯ ಕೆಳಗೆ ಏಳನೆಯದು ಬೈರಮ್ಮನದು. ಇಷ್ಟು ದಿನ ಅವಳು ನನಗೆ ಈ ಮಾತು ಆಡಲೇ ಇಲ್ಲ. ನಾನು ಕೌಂಟರಿಗೆ ಹೋದರೆ ಗೆರೆ ಒಂದು ಮನೆ ಕೆಳಗೆ ಇಳಿಯುತ್ತದೆ. ಅದನ್ನು ಲೆಕ್ಕ ಹಾಕದಷ್ಟು ದಡ್ಡಿಯಲ್ಲ ಅವಳು.

"ಬೈರಿ, ಪಟ್ಟಿ ನೋಡಿದ್ಯಾ?"

"ನಂಗೆ ಓದಕ್ಕೆಲ್ಲಿ ಬರುತ್ತೆ ಅಕ್ಕ," ಅಂದಳು. ಸುಳ್ಳಿ. ಮೂರನೇ ಕ್ಲಾಸು ಓದಿದ್ದಾಳೆ. ತನ್ನ ಹೆಸರು ಓದಲು ಬರುತ್ತದೆ.

ಜುಲೈ 27, ಶುಕ್ರವಾರ

ಅಂಗಡಿಗೆ ಹೋದೆ. ಬೈರಮ್ಮನಿಗೋಸ್ಕರ ಅಲ್ಲ. ಎರಡು ವಾರ ಎಂದು ಒಪ್ಪಿದ ಮೇಲೆ ಎರಡು ವಾರ. ಮಾತು ಮಾತೇ.

ಕಾಳಪ್ಪ ನಾನಿಲ್ಲದ ಎರಡು ದಿನದಲ್ಲಿ ಆಲ್ಬಂಗಳನ್ನು ಮತ್ತೆ ಕಲಸಿಟ್ಟಿದ್ದಾನೆ.

ಆಗಸ್ಟ್ 2, ಗುರುವಾರ

ಡೈರಿಯಲ್ಲಿ ಆಗಸ್ಟ್ ಇಲ್ಲದ್ದರಿಂದ ಎರಡನೆಯ ಜುಲೈ ಹಾಳೆಗಳಲ್ಲಿ ತಿಂಗಳ ಹೆಸರು ಹೊಡೆದುಹಾಕಿ ಬರೆಯುತ್ತಿದ್ದೇನೆ. ವಾರವೂ ತಪ್ಪಾಗುತ್ತದೆ, ಇರಲಿ.

ಶ್ರಾವಣ ಬಂತು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಎರಡು ವಾರ ಮುಗಿದರೂ ಬಿಟ್ಟು ಬರುವಂತಿಲ್ಲ. ಕಾಳಪ್ಪ ಒಬ್ಬನೇ ಏನು ಮಾಡಿಯಾನು? ಹಣೆ ನೋಡುವವರಿಗೆ ಅವನು ಆಲ್ಬಂ ತೋರಿಸುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಹಾಗೆಂದು ನಾವು ಮಾತಾಡಿಕೊಂಡಿಲ್ಲ, ಹಾಗೆ ನಡೆಯುತ್ತಿದೆ.

ಇವತ್ತು ಮಾಗಡಿ ರಸ್ತೆಯಿಂದ ಒಬ್ಬರು ಬಂದರು. ಮುನಿಸ್ವಾಮಿ ಎಂದು, ದೊಡ್ಡ ದನಿ, ಜೇಬಿನಲ್ಲಿ ಎರಡು ಪೆನ್ನು. ಅಣ್ಣನ ಮಗಳ ಮದುವೆ. ಹಿಂದೆ ಅತ್ತಿಗೆ, ಲಕ್ಷ್ಮೀದೇವಮ್ಮ. ನನ್ನ ಹಾಗೆಯೇ ಬೋಳು ಹಣೆ. ಬಾಗಿಲ ಮರೆಯಲ್ಲಿ ಬ್ಯಾಗು ಹಿಡಿದು ನಿಂತಿದ್ದಳು.

"ಒಳಗೆ ಬನ್ನಿ, ಬಿಸಿಲು," ಅಂದೆ. ಬಂದು ಸ್ಟೂಲಿನ ತುದಿಯಲ್ಲಿ ಕೂತಳು.

ಆ ಮನುಷ್ಯ ಅರ್ಧ ಒಕ್ಕಣೆ ಹೇಳಿ, ಛತ್ರದವನಿಗೆ ಫೋನ್ ಮಾಡಿ ಬರ್ತೀನಿ ಎಂದು ಹೋದ. ಉಳಿದದ್ದನ್ನು ನಾನು ಆಕೆಯನ್ನೇ ಕೇಳಿ ಬರೆದುಕೊಂಡೆ. ಹುಡುಗಿಯ ಹೆಸರು, ತೀರಿಹೋದ ತಂದೆಯ ಹೆಸರು, ಮುಹೂರ್ತ. ಎಲ್ಲಕ್ಕೂ ಉತ್ತರ ಗೊತ್ತಿತ್ತು ಆಕೆಗೆ. ಗಂಡಿನ ಕಡೆಯ ಅಜ್ಜಿಯ ಹೆಸರೂ ಗೊತ್ತಿತ್ತು.

ಆಗಸ್ಟ್ 7, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯಲೇಬೇಕು.

ಮುನಿಸ್ವಾಮಿ ಪ್ರೂಫ್ ನೋಡಲು ಅತ್ತಿಗೆಯ ಜೊತೆ ಬಂದ. ಓದಿದ. ಮುಖ ಕೆಂಪಾಯಿತು. ಹಾಳೆಯನ್ನು ಕೌಂಟರಿಗೆ ಬಡಿದ. ಅರಿಶಿನದ ಬಟ್ಟಲು ಕುಣಿಯಿತು.

"ಏನ್ರೀ ಇದು? 'ಶ್ರೀಮತಿ ಲಕ್ಷ್ಮೀದೇವಮ್ಮನವರು ಮಾಡುವ ವಿಜ್ಞಾಪನೆಗಳು'! ಯಾರ್ರೀ ಹೀಗೆ ಬರೆದಿದ್ದು?"

ಕಾಳಪ್ಪ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ. ಆರ್ಡರ್ ಪುಸ್ತಕ ತೆರೆದೆ. ನನ್ನ ಅಕ್ಷರವೇ. ದುಂಡಗೆ, ಸ್ಪಷ್ಟವಾಗಿ, ಕರೆಯುವವರ ಹೆಸರಿನ ಜಾಗದಲ್ಲಿ ಆಕೆಯ ಹೆಸರು. ಎದುರಿಗೆ ಕೂತು ಉತ್ತರ ಹೇಳುತ್ತಿದ್ದವಳ ಹೆಸರು ಕೇಳಿ ಬರೆದುಬಿಟ್ಟಿದ್ದೇನೆ. ಗಂಡನಿಲ್ಲದವಳ ಹೆಸರು ಅಲ್ಲಿ ಬರುವುದಿಲ್ಲ ಎಂದು ಹುಟ್ಟಾ ಗೊತ್ತಿರುವ ನಾನು!

ಹದಿನೈದು ವರ್ಷದಲ್ಲಿ ನನ್ನ ಕೈಯಲ್ಲಿ ತಪ್ಪು ನಡೆದಿರಲಿಲ್ಲ. ನಡೆದಿದ್ದರೂ ನಾನು ಒಪ್ಪಿಕೊಂಡಿರಲಿಲ್ಲ. ಇವತ್ತು ಅಂಗಡಿಯ ತುಂಬ ಜನರ ಮುಂದೆ ಎದ್ದು ನಿಂತು ಹೇಳಿದೆ: "ತಪ್ಪು ನನ್ನದು. ಕಾಳಪ್ಪನವರದಲ್ಲ. ಈಗಲೇ ತೆಗೆಸಿ ಸರಿ ಮಾಡಿಸ್ತೀನಿ."

ಹೊಡೆದುಹಾಕಲು ಪೆನ್ನು ತೆಗೆದೆ. ಪ್ರೂಫ್ ಹಾಳೆ ಕೌಂಟರಿನ ಮೇಲಿರಲಿಲ್ಲ. ಲಕ್ಷ್ಮೀದೇವಮ್ಮನ ಕೈಯಲ್ಲಿತ್ತು. ಆಕೆ ಓದುತ್ತಿದ್ದಳು. ಒಂದೇ ಸಾಲನ್ನು ಓದುತ್ತಿದ್ದಳು ಎಂದು ನನಗೆ ತಿಳಿಯಿತು, ಕಣ್ಣು ಕೆಳಗಿನ ಸಾಲಿಗೆ ಇಳಿಯಲೇ ಇಲ್ಲ.

"ಕೊಡಿಮ್ಮ, ತೆಗೀತೀನಿ," ಅಂದೆ.

"ಇರ್ಲಿ ಬಿಡಿ," ಅಂದಳು.

"ಅತ್ತಿಗೆ!" ಎಂದ ಮುನಿಸ್ವಾಮಿ.

"ಚೆನ್ನಾಗಿದೆ. ಇರ್ಲಿ."

"ಜನ ಏನಂತಾರೆ? ಹತ್ತು ವರ್ಷದಿಂದ ಆ ಹುಡುಗೀನ ಸೈಕಲ್ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಟ್ಟು ಬಂದಿದ್ದು ಯಾರು? ಜ್ವರ ಬಂದಾಗ ಆಸ್ಪತ್ರೇಲಿ ಮಲಗಿದ್ದು ಯಾರು? ನನ್ನ ಹೆಸರು ಬೇಡ್ವಾ ಅದರಲ್ಲಿ?"

ದನಿ ದೊಡ್ಡದಿತ್ತು, ಆದರೆ ಕೊನೆಯ ಮಾತಿಗೆ ಒಡೆಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅಪ್ಪಯ್ಯನೂ ಸುಂದರಿಯನ್ನು ಹಾಗೆಯೇ ನೋಡಿಕೊಂಡಿದ್ದ.

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಹುಡುಗಿಯರನ್ನು ಗದರಿಸುವ ದನಿಯಲ್ಲೇ ಮಾತು ಹೊರಟಿತು. "ಯಜಮಾನ್ರೇ, ಮೊದಲು ಕೂತ್ಕೊಳಿ. ಕೂತ್ಕೊಳಿ ಅಂದೆ. ಕರೆಯೋರು ತಾಯಿ. ಕೆಳಗೆ ಒಂದು ಸಾಲು ಹಾಕೋಣ: 'ಕನ್ಯೆಯನ್ನು ಧಾರೆಯೆರೆದು ಕೊಡುವವರು, ಚಿಕ್ಕಪ್ಪ ಮುನಿಸ್ವಾಮಿ'. ದಪ್ಪ ಅಕ್ಷರದಲ್ಲಿ."

ಅವನು ಕೂತ. ಸ್ವಲ್ಪ ಹೊತ್ತು ಮೀಸೆ ಸವರಿದ.

"ಎಷ್ಟು ದಪ್ಪ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಲಕ್ಷ್ಮೀದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡಿನ ಹೆಸರಿಗಿಂತ ಒಂದು ಮಟ್ಟ ಕಡಿಮೆ ಅಂದೆ. ಒಪ್ಪಿದ.

ಯಜಮಾನರಿಗೆ ಕಾಳಪ್ಪ ವಿಷಯ ಮುಟ್ಟಿಸದೆ ಇರುವುದಿಲ್ಲ. ಮುಟ್ಟಿಸಲಿ.

ಆಗಸ್ಟ್ 8, ಬುಧವಾರ

ಟ್ರಂಕಿನಿಂದ ಸುಂದರಿಯ ಮದುವೆಯ ಕಾರ್ಡು ತೆಗೆದು ನೋಡಿದೆ. ಮಡಿಕೆ ಇನ್ನೂ ನೆಟ್ಟಗಿದೆ.

ಆಗಸ್ಟ್ 12, ಭಾನುವಾರ

ಸುಂದರಿ ಬಂದಾಗ ಕಾರ್ಡು ಟ್ರಂಕಿನ ಮೇಲೆಯೇ ಇತ್ತು. ಒಳಗಿಡಲು ಮರೆತಿದ್ದೆ. ಅವಳು ಕೈಗೆತ್ತಿಕೊಂಡಳು.

"ಇದರಲ್ಲಿ ನಿನ್ನ ಹೆಸರಿಲ್ಲ ಅಂತ ನಾನು ಅವತ್ತು ಎಷ್ಟು ಅತ್ತೆ ಗೊತ್ತಾ ಅಮ್ಮ? ನೀನು ಪದ್ಧತಿ ಅಂದೆ. ಗದರಿಸಿ ಮಲಗಿಸ್ದೆ."

ನನಗೆ ನೆನಪಿಲ್ಲ. ಮದುವೆ ಹೆಣ್ಣು ಅಂದಮೇಲೆ ಅಳುತ್ತಾಳೆ, ಯಾವುದಕ್ಕೆ ಎಂದು ಯಾರು ಕೇಳುತ್ತಾರೆ? ಹಾಗಂದೆ. ಆಮೇಲೆ, "ಅಪ್ಪಯ್ಯನ ಹೆಸರು ಕೆಳಗೆ ಹಾಕಬಹುದಾಗಿತ್ತು. ದಪ್ಪ ಅಕ್ಷರದಲ್ಲಿ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅನ್ನ ಸೀಯುತ್ತಿತ್ತು. ಎದ್ದು ಹೋದೆ.

ಆಗಸ್ಟ್ 14, ಮಂಗಳವಾರ

ನಾಲ್ಕೂ ಮುಕ್ಕಾಲಿಗೆ ಮುನಿಸ್ವಾಮಿ ಮತ್ತು ಲಕ್ಷ್ಮೀದೇವಮ್ಮ ಕಾರ್ಡು ತೆಗೆದುಕೊಳ್ಳಲು ಬಂದರು. ಅವನು ತನ್ನ ಸಾಲನ್ನು ಮೊದಲು ನೋಡಿ, "ಇನ್ನೊಂಚೂರು ದಪ್ಪ ಆಗ್ಬೇಕಿತ್ತು," ಎಂದ. ಆದರೂ ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವರಿಗೂ ತೋರಿಸಿದ.

ಕಟ್ಟು ಕಟ್ಟಿ ಮುಗಿಯಿತು. ಕಾಳಪ್ಪ ಅರಿಶಿನದ ಬಟ್ಟಲಿಗೆ ಕೈ ಹಾಕಿದ. ಲಕ್ಷ್ಮೀದೇವಮ್ಮ, "ಆಯಮ್ಮನೇ ಹಚ್ಚಲಿ," ಅಂದಳು.

ನಾನು ಆರ್ಡರ್ ಪುಸ್ತಕದಲ್ಲಿ ಬರೆಯುತ್ತಲೇ ಇದ್ದೆ. ಬೇರೆ ಯಾರಿಗೋ ಹೇಳಿದಳು ಎಂದುಕೊಂಡೆ.

"ನಿಮಗೇ ಹೇಳ್ತಿರೋದು ಕಣಮ್ಮ."

"ನಾನು ಹಚ್ಚೋ ಹಾಗಿಲ್ಲ," ಅಂದೆ. "ಗೊತ್ತಲ್ಲ ನಿಮಗೆ."

"ಕರೀತಿರೋಳು ನಾನು. ಮನೆಮನೆಗೂ ಹೋಗಿ ಅರಿಶಿನ ಹಚ್ಚಿದ ಕಾರ್ಡು ಕೊಡೋಳು ನಾನು. ನನಗೆ ಆಗುತ್ತೆ, ನಿಮಗೆ ಆಗಲ್ವಾ?"

ಮುನಿಸ್ವಾಮಿಯ ಕಡೆ ನೋಡಿದೆ. ಬೇಡ ಎನ್ನುತ್ತಾನೆ ಎಂದು ಕಾದೆ. ಅವನು, "ಬೇಗ ಹಚ್ಚಿಮ್ಮ, ರಾಹುಕಾಲ ಹೋಗಿ ಅರ್ಧ ಗಂಟೆ ಆಗ್ತಾ ಬಂತು, ಮತ್ತೆ ಏನಾದ್ರೂ ಬರೋದ್ರೊಳಗೆ," ಎಂದ. ಕಾಳಪ್ಪ ಬಟ್ಟಲನ್ನು ನನ್ನ ಕಡೆ ಸರಿಸಿದ. ಕಣ್ಣು ಮಂಜಾದವನು ಅಷ್ಟು ಸರಿಯಾಗಿ ನನ್ನ ಕೈ ಹತ್ತಿರಕ್ಕೇ ಹೇಗೆ ಸರಿಸಿದನೋ.

ಹಚ್ಚಿದೆ. ನಾಲ್ಕು ಮೂಲೆ, ನಡುವೆ ಕುಂಕುಮ. ಅರಿಶಿನ ಮುಟ್ಟಿ ಇವತ್ತಿಗೆ ಸರಿಯಾಗಿ ಅಲ್ಲದಿದ್ದರೂ ಹೆಚ್ಚುಕಡಿಮೆ ಹದಿನೈದು ವರ್ಷವಾಗಿತ್ತು. ಕಾರ್ಡು ಹೊಸ ಬಗೆಯದು, ನುಣುಪು, ಅರಿಶಿನ ಸರಿಯಾಗಿ ಹಿಡಿಯುವುದಿಲ್ಲ. ಸ್ವಲ್ಪ ಒತ್ತಿ ಹಚ್ಚಬೇಕು. ಶಿವಕಾಶಿಯವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಆಕೆ ಕಟ್ಟನ್ನು ಕಣ್ಣಿಗೊತ್ತಿಕೊಂಡಳು. "ಮದುವೆಗೆ ಬರ್ಬೇಕು. ಮುಂದಿನ ಸಾಲಿನಲ್ಲಿ ಕೂರ್ಬೇಕು," ಎಂದು ಮೇಲಿನ ಕಾರ್ಡನ್ನೇ ನನ್ನ ಕೈಗೆ ಕೊಟ್ಟಳು.

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಹೆಂಗಸು ನನ್ನ ಹಣೆ ನೋಡಿದಳು. ನೋಡಿಕೊಳ್ಳಲಿ. "ನಿಮ್ಮದು ಯಾವ ತಿಂಗಳ ಮದುವೆ?" ಎಂದು ನಾನೇ ಕೇಳಿದೆ. ಆಲ್ಬಂ ತನ್ನ ಕಡೆ ಎಳೆದುಕೊಂಡು ಹೇಳಿದಳು.

ಸೋಪು ಹಾಕಿ ತೊಳೆದರೂ ಉಗುರಿನ ಸಂದಿನ ಹಳದಿ ಹೋಗಿಲ್ಲ. ಈ ಪುಟದ ಅಂಚಿಗೂ ಹತ್ತಿದೆ.

ಆಗಸ್ಟ್ 16, ಗುರುವಾರ

ಕೌಂಟರಿಗೆ ಬರುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅವರು ಸಂತೋಷಪಡುವ ಮೊದಲೇ ಷರತ್ತುಗಳನ್ನೂ ಹೇಳಿದೆ. ನಗು ಎಂದು ಯಾರೂ ನನಗೆ ಹೇಳಬಾರದು. ಆಲ್ಬಂಗಳನ್ನು ಕಾಳಪ್ಪ ಮುಟ್ಟಬಾರದು. ಪಟ್ಟಿಯ ಕೆಂಪು ಗೆರೆಯನ್ನು ಇವತ್ತೇ ಅಳಿಸಿ ಏಳನೆಯ ಹೆಸರಿನ ಕೆಳಗೆ ಎಳೆಯಬೇಕು, ಗೌರಿ ಹಬ್ಬದವರೆಗೆ ಕಾಯುವಂತಿಲ್ಲ. ಉಳಿದ ನಾಲ್ಕು ಹುಡುಗಿಯರಲ್ಲಿ ಇಬ್ಬರಾದರೂ ಕೈ ಚುರುಕಿನವರಿದ್ದಾರೆ, ಹಬ್ಬ ಕಳೆದ ಮೇಲೆ ಅವರ ವಿಷಯ ಮತ್ತೆ ಮಾತಾಡುತ್ತೇನೆ ಎಂದೂ ಹೇಳಿದೆ. ಅವರು "ನೋಡೋಣ" ಅಂದರು. "ನೋಡೋಣ ಅಲ್ಲ," ಅಂದೆ.

ಗೆರೆ ಎಳೆದದ್ದು ನೋಡಿ ಬೈರಮ್ಮ ನನ್ನ ಹತ್ತಿರ ಬಂದಳು. ಎಲ್ಲಿ ಗಳಗಳ ಅಳುತ್ತಾಳೋ ಎಂದು ಹೆದರಿದೆ.

"ಅಕ್ಕ, ನನ್ನ ಮಗನ ಮದುವೆ ಕಾರ್ಡು ನಿನ್ನ ಕೌಂಟರಲ್ಲೇ ಮಾಡಿಸ್ತೀನಿ."

"ನಿನ್ನ ಮಗನಿಗೆ ಇನ್ನೂ ಹನ್ನೊಂದು ವರ್ಷ ಕಣೇ."

"ಅಷ್ಟೊತ್ತಿಗೆ ನೀನು ನಗೋದು ಕಲ್ತಿರ್ತೀಯ."

ಮಡಿಕೆ ತೀಡುವ ನನ್ನ ಬಿದಿರಿನ ಪಟ್ಟಿಯನ್ನು ಅವಳಿಗೆ ಕೊಟ್ಟು ಬಂದೆ. ಕವರಿಗೂ ಮಡಿಕೆ ಇರುತ್ತದೆ.

ಬಟ್ಟಲಿನಲ್ಲಿ ಅರಿಶಿನ ಖಾಲಿಯಾಗಿದೆ. ಕಾಳಪ್ಪ ತರುವುದು ಬಣ್ಣ ಕಟ್ಟುವುದಿಲ್ಲ. ನಾಳೆ ಅವೆನ್ಯೂ ರಸ್ತೆಯಲ್ಲಿ ಇಳಿದು ಕೊಂಬು ನೋಡಿ ನಾನೇ ತರಬೇಕು.